ಅತಿಭಕ್ಷಣೆಯ ನಿವಾರಣೆ: ಸ್ವಸಹಾಯದ ಸಲಹೆ ಎಷ್ಟರಮಟ್ಟಿಗೆ ಫಲಕಾರಿ?

ಶರೀರಧಾರಣೆಗೆ ಆಹಾರವು ಅತ್ಯಾವಶ್ಯಕ. ಆಹಾರದ ಕೊರತೆಯಿಂದ ಉಂಟಾಗುವ ರೋಗಗಳನ್ನು ಕುರಿತು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಆದರೆ ತಿನ್ನುವಾಗ ತನ್ನ ಮೇಲಿನ ಹತೋಟಿಯೇ ತಪ್ಪಿಹೋಗುವ ಒಂದು ಕಾಯಿಲೆಯೂ ಉಂಟೆಂಬುದು ಅನೇಕರಿಗೆ ತಿಳಿಯದು. ಇದನ್ನು ಇಂಗ್ಲಿಷಿನಲ್ಲಿ 'ಬಿಂಜ್ ಈಟಿಂಗ್' ಎನ್ನುತ್ತಾರೆ. ಈ ಪಾಠದಲ್ಲಿ ಅದನ್ನು 'ಅತಿಭಕ್ಷಣೆ' ಎಂದು ಕರೆಯೋಣ.

ಇದರಿಂದ ನರಳುವವರು ಸಾಮಾನ್ಯವಾಗಿ ವೈದ್ಯರಲ್ಲಿಗೆ ಬರುವುದಿಲ್ಲ. ಬಂದರೂ ಮಂಡಿನೋವನ್ನೋ ಎದೆಯುರಿಯನ್ನೋ ಹೇಳಿಕೊಂಡು, ಮುಖ್ಯ ವಿಷಯವನ್ನು ಮರೆಮಾಚಿ ಹಿಂದಿರುಗುತ್ತಾರೆ. ನಾಚಿಕೆಯೇ ಇದಕ್ಕೆ ಕಾರಣ. ಹೇಳಿಕೊಳ್ಳಲಾಗದವರು ಪುಸ್ತಕ, ಪತ್ರಿಕೆ, ಮೊಬೈಲ್‌ಗಳಲ್ಲಿ ದೊರೆಯುವ ಸಲಹೆಗಳನ್ನು ಗುಟ್ಟಾಗಿ ಅನುಸರಿಸಲು ಯತ್ನಿಸುತ್ತಾರೆ. ಹೀಗೆ ತಮಗೆ ತಾವೇ ಮಾಡಿಕೊಳ್ಳುವ ಸಹಾಯದಿಂದ ಗುಣ ಕಾಣಬಹುದೇ? ಕಾಣಬಹುದಾದರೆ ಎಂತಹ ಸಲಹೆಯಿಂದ? ಸ್ವಸಹಾಯ ಸಾಲದಾದಾಗ ಏನು ಮಾಡಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದೇ ಈ ಪಾಠದ ಉದ್ದೇಶ.

ಅತಿಭಕ್ಷಣೆ ಎಂದರೇನು?

ಹಬ್ಬದ ದಿನ ಎರಡು ಹೋಳಿಗೆ ಹೆಚ್ಚು ತಿನ್ನುವುದು ಅತಿಭಕ್ಷಣೆಯಲ್ಲ. ಮದುವೆಯ ಊಟದಲ್ಲಿ ಹೊಟ್ಟೆ ಬಿರಿಯುವಷ್ಟು ಉಣ್ಣುವುದೂ ಅಲ್ಲ. ಸ್ವಲ್ಪ ಕಾಲದಲ್ಲೇ, ಇತರರು ಅದೇ ಸಂದರ್ಭದಲ್ಲಿ ತಿನ್ನುವುದಕ್ಕಿಂತ ಬಹಳ ಹೆಚ್ಚು ತಿನ್ನುವುದು ಮತ್ತು ತಿನ್ನುತ್ತಿರುವಾಗ 'ನಿಲ್ಲಿಸಲು ನನ್ನಿಂದ ಆಗುತ್ತಿಲ್ಲ' ಎಂಬ ಭಾವನೆ ಇರುವುದು, ಇವೆರಡೂ ಕೂಡಿದಾಗ ಮಾತ್ರ ಅದು ಅತಿಭಕ್ಷಣೆಯೆನಿಸುತ್ತದೆ. ಹಸಿವಿಲ್ಲದಿದ್ದರೂ ತಿನ್ನುವುದು, ಅವಸರದಿಂದ ನುಂಗುವುದು, ಹೊಟ್ಟೆ ನೋಯುವವರೆಗೆ ತಿನ್ನುವುದು, ಯಾರಾದರೂ ನೋಡಿಯಾರೆಂದು ಒಬ್ಬರೇ ತಿನ್ನುವುದು, ಅನಂತರ ತಮ್ಮ ಬಗ್ಗೆಯೇ ಜುಗುಪ್ಸೆಪಡುವುದು, ಇವು ಅದರ ಇತರ ಲಕ್ಷಣಗಳು. ವಾರಕ್ಕೆ ಒಮ್ಮೆಯಾದರೂ ಹೀಗಾಗುತ್ತ, ಮೂರು ತಿಂಗಳು ಮುಂದುವರಿದರೆ ಅದನ್ನು ಕಾಯಿಲೆಯೆಂದು ಪರಿಗಣಿಸಲಾಗುತ್ತದೆ.

ಅಮೆರಿಕೆಯ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಅವರು 1959ರಲ್ಲೇ ಈ ಬಗೆಯ ತಿನ್ನುವಿಕೆಯನ್ನು ವರ್ಣಿಸಿದರು. 2013ರಲ್ಲಿ ಅಮೆರಿಕೆಯ ಮನೋವೈದ್ಯರ ಸಂಘವು ಇದನ್ನು ಪ್ರತ್ಯೇಕ ವ್ಯಾಧಿಯೆಂದು ತನ್ನ ಪಟ್ಟಿಗೆ ಸೇರಿಸಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲೂ ಇದಕ್ಕೆ ಸ್ಥಾನ ದೊರೆತಿದೆ. ಆದುದರಿಂದ ಇದನ್ನು 'ಬಾಯಿಚಪಲ' ಎಂದು ಹಳಿಯುವುದು ಸರಿಯಲ್ಲ. ದಪ್ಪಗಿರುವವರಲ್ಲಿ ಮಾತ್ರವಲ್ಲದೆ ಸಾಮಾನ್ಯ ತೂಕದವರಲ್ಲೂ, ಸ್ತ್ರೀಯರಲ್ಲಿ ಮಾತ್ರವಲ್ಲದೆ ಪುರುಷರಲ್ಲೂ ಇದು ಕಂಡುಬರುತ್ತದೆ.

ಇದು ಹೇಗೆ ಬೆಳೆಯುತ್ತದೆ?

ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ತೂಕ ಇಳಿಸಲೇಬೇಕೆಂದು ನಿಶ್ಚಯಿಸಿ ಬೆಳಿಗ್ಗೆ ಬರಿಯ ಕಾಫಿ ಕುಡಿಯುತ್ತಾಳೆ. ಮಧ್ಯಾಹ್ನದ ಊಟವನ್ನೂ ಬಿಡುತ್ತಾಳೆ. ಸಂಜೆ ಮಕ್ಕಳಿಗೆ ತಿಂಡಿ ಕೊಡುವಾಗ ಒಂದು ಚಕ್ಕುಲಿ ಬಾಯಿಗೆ ಹೋಗುತ್ತದೆ. 'ಇವತ್ತಿನ ನೇಮ ಕೆಟ್ಟಿತು, ಇನ್ನೇನು!' ಎಂಬ ಯೋಚನೆ ಬರುತ್ತದೆ. ಡಬ್ಬಿ ಬರಿದಾಗುತ್ತದೆ. ರಾತ್ರಿ ಪಶ್ಚಾತ್ತಾಪದಿಂದ, ನಾಳೆ ಇನ್ನೂ ಕಠಿಣವಾಗಿರಬೇಕೆಂದು ಶಪಥ ಮಾಡುತ್ತಾಳೆ. ಮರುದಿನ ಹಸಿವು ಇನ್ನೂ ಹೆಚ್ಚು. ಸಂಜೆಯ ಸೋಲೂ ಇನ್ನೂ ದೊಡ್ಡದು. ಎಷ್ಟು ಬಿಗಿಯಾದ ನೇಮವೋ ಅಷ್ಟು ಬೇಗ ಅದು ಮುರಿಯುತ್ತದೆ. ಇದೇ ಈ ಕಾಯಿಲೆಯ ವಿಷಚಕ್ರ.

ದೀರ್ಘಕಾಲದ ಹಸಿವು ಮನುಷ್ಯನನ್ನು ಹೇಗೆ ಬದಲಾಯಿಸುತ್ತದೆಂಬುದು 1944–45ರಲ್ಲಿ ಅಮೆರಿಕೆಯ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಯೋಗದಿಂದ ಸ್ಪಷ್ಟವಾಯಿತು. ಆನ್ಸೆಲ್ ಕೀಸ್ ಅವರ ನೇತೃತ್ವದಲ್ಲಿ, ಸ್ವಇಚ್ಛೆಯಿಂದ ಮುಂದೆ ಬಂದ 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರಗಳ ಕಾಲ ಸುಮಾರು ಅರ್ಧದಷ್ಟು ಆಹಾರವನ್ನು ಮಾತ್ರ ಕೊಡಲಾಯಿತು. ಅವರು ಹಗಲಿರುಳೂ ಆಹಾರದ ಚಿಂತೆಯಲ್ಲೇ ಮುಳುಗಿದರು. ಊಟವನ್ನು ಮತ್ತೆ ಹೆಚ್ಚಿಸಿದ ಮೇಲೆ ಅವರಲ್ಲಿ ಕೆಲವರು ಹೊಟ್ಟೆ ತುಂಬಿದರೂ ತೃಪ್ತಿ ಕಾಣದೆ ತಿನ್ನುತ್ತಲೇ ಇದ್ದರು. ಇವರು ದುರ್ಬಲ ಮನಸ್ಸಿನವರಾಗಿರಲಿಲ್ಲ. ಹಸಿವಿಗೆ ಒಳಗಾದ ಶರೀರವು ತನ್ನ ಧರ್ಮವನ್ನು ತಾನು ಪಾಲಿಸಿತ್ತು. ಅತಿಭಕ್ಷಣೆಗೆ ಹಸಿವೊಂದೇ ಕಾರಣವಲ್ಲ. ದುಃಖ, ಕೋಪ, ಬೇಸರ, ಒಂಟಿತನಗಳೂ ಅದನ್ನು ಪ್ರಚೋದಿಸುತ್ತವೆ.

ಎಲ್ಲ ಸಲಹೆಯೂ ಒಂದೇ ಅಲ್ಲ

ಸ್ವಸಹಾಯದ ಸಲಹೆಗಳಲ್ಲಿ ಎರಡು ಬಗೆಯುಂಟು. 'ಕಡಿಮೆ ತಿನ್ನಿ, ಬಾಯಿ ಕಟ್ಟಿ' ಎಂಬುದು ಮೊದಲನೆಯದು. ತಿನ್ನುವ ಕ್ರಮವನ್ನು ಸರಿಪಡಿಸಿ ಮೇಲೆ ಹೇಳಿದ ವಿಷಚಕ್ರವನ್ನು ಮುರಿಯುವುದು ಎರಡನೆಯದು. ಇವೆರಡರ ಫಲದಲ್ಲಿ ಬಹಳ ವ್ಯತ್ಯಾಸವಿದೆ.

ಎರಡನೆಯ ಬಗೆಯ ಸಲಹೆಯನ್ನು ಇಂಗ್ಲೆಂಡಿನ ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ಅವರು 1995ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅತಿಭಕ್ಷಣೆಯಿಂದ ನರಳುತ್ತಿದ್ದ 72 ಮಂದಿ ಸ್ತ್ರೀಯರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಮೊದಲನೆಯ ಗುಂಪಿನವರು ಪುಸ್ತಕವನ್ನು ತಾವೇ ಓದಿ ಆಚರಿಸಿದರು. ಎರಡನೆಯ ಗುಂಪಿನವರಿಗೆ ಪುಸ್ತಕದ ಜೊತೆಗೆ, ತಜ್ಞರಲ್ಲದ ಸಹಾಯಕರೊಬ್ಬರು ಆಗಾಗ ಸ್ವಲ್ಪ ಹೊತ್ತು ಮಾರ್ಗದರ್ಶನ ಮಾಡಿದರು. ಮೂರನೆಯ ಗುಂಪಿನವರು ಚಿಕಿತ್ಸೆಗಾಗಿ ಕಾಯುತ್ತಿದ್ದರು. 12 ವಾರಗಳ ಅನಂತರ ಅತಿಭಕ್ಷಣೆ ನಿಂತವರ ಪ್ರಮಾಣವು ತಾವೇ ಓದಿದವರಲ್ಲಿ ಶೇಕಡಾ 43, ಮಾರ್ಗದರ್ಶನ ಪಡೆದವರಲ್ಲಿ ಶೇಕಡಾ 50, ಕಾಯುತ್ತಿದ್ದವರಲ್ಲಿ ಶೇಕಡಾ 8 ಆಗಿದ್ದಿತು.

ಎರಡು ಬಗೆಯ ಸಲಹೆಗಳನ್ನು ನೇರವಾಗಿ ಹೋಲಿಸಿ ನೋಡಿದ ಅಧ್ಯಯನವೂ ಉಂಟು. 2005ರಲ್ಲಿ ಅಮೆರಿಕೆಯ ಗ್ರಿಲೋ ಮತ್ತು ಮಶೇಬ್ ಎಂಬ ಸಂಶೋಧಕರು 90 ರೋಗಿಗಳ ವಿಷಯವನ್ನು ಪ್ರಕಟಿಸಿದರು. ತಿನ್ನುವ ಕ್ರಮ ಸರಿಪಡಿಸುವ ಸಲಹೆಯನ್ನು ಮಾರ್ಗದರ್ಶನದೊಡನೆ ಅನುಸರಿಸಿದವರಲ್ಲಿ ಶೇಕಡಾ 46ರಷ್ಟು ಮಂದಿಗೆ ಅತಿಭಕ್ಷಣೆ ನಿಂತಿತು. ತೂಕ ಇಳಿಸುವ ಸಲಹೆಯನ್ನು ಅದೇ ರೀತಿ ಅನುಸರಿಸಿದವರಲ್ಲಿ ಶೇಕಡಾ 18ರಷ್ಟು ಮಂದಿಗೆ ಮಾತ್ರ ನಿಂತಿತು. ಮೂರನೆಯ ಗುಂಪಿನವರಿಗೆ ಈ ಎರಡರಲ್ಲಿ ಯಾವ ಸಲಹೆಯನ್ನೂ ಕೊಟ್ಟಿರಲಿಲ್ಲ. ಅವರಲ್ಲಿ ಈ ಪ್ರಮಾಣ ಶೇಕಡಾ 13 ಇದ್ದಿತು. ಅಂದರೆ, ಬರಿಯ ತೂಕ ಇಳಿಸುವ ಉಪದೇಶಕ್ಕೂ ಉಪದೇಶವೇ ಇಲ್ಲದುದಕ್ಕೂ ಹೆಚ್ಚಿನ ಅಂತರ ಕಾಣಲಿಲ್ಲ.

ಇಂತಹ ಅಧ್ಯಯನಗಳ ಆಧಾರದ ಮೇಲೆ, ಇಂಗ್ಲೆಂಡಿನ 'ನೈಸ್' ಸಂಸ್ಥೆಯು 2017ರಲ್ಲಿ ಈ ಕಾಯಿಲೆಯ ವಯಸ್ಕರಿಗೆ ಮಾರ್ಗದರ್ಶನಸಹಿತ ಸ್ವಸಹಾಯವನ್ನೇ ಮೊದಲ ಚಿಕಿತ್ಸೆಯಾಗಿ ಸೂಚಿಸಿತು. 16 ವಾರಗಳಲ್ಲಿ 4ರಿಂದ 9 ಭೇಟಿ, ಪ್ರತಿ ಭೇಟಿಗೆ 20 ನಿಮಿಷ, ಇಷ್ಟು ಮಾರ್ಗದರ್ಶನ ಸಾಕೆಂದು ಅದು ಹೇಳಿದೆ.

ಈ ಅಂಕಿಗಳಿಂದ ತಾವು ಎರಡು ಸಂಗತಿಗಳನ್ನು ತಿಳಿಯಬೇಕು. ಸರಿಯಾದ ಸಲಹೆಯಿಂದ ಸುಮಾರು ಅರ್ಧದಷ್ಟು ಮಂದಿಗೆ ಗುಣವಾಗಬಲ್ಲದು ಎಂಬುದು ಒಂದು. ಉಳಿದ ಅರ್ಧದಷ್ಟು ಮಂದಿಗೆ ಅಷ್ಟೇ ಸಾಲದು, ಸಾಲದಿದ್ದರೆ ಅದು ಅವರ ತಪ್ಪಲ್ಲ ಎಂಬುದು ಇನ್ನೊಂದು. ಈ ಕ್ರಮದಿಂದ ತೂಕವು ಬಹಳ ಇಳಿಯುವುದಿಲ್ಲ ಎಂಬುದನ್ನೂ ಮೊದಲೇ ಅರಿತಿರಬೇಕು. ಇಲ್ಲಿ ಗುರಿಯು ತಿನ್ನುವಿಕೆಯ ಮೇಲೆ ಹತೋಟಿಯನ್ನು ಮರಳಿ ಪಡೆಯುವುದು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನಮ್ಮಲ್ಲಿದೆ. ಊಟ ಬಲ್ಲವನು ಎಂದರೆ ಊಟ ಬಿಟ್ಟವನು ಎಂದರ್ಥವಲ್ಲ.

ಆಚರಿಸಬೇಕಾದ ಕ್ರಮ

1. ಬರೆದಿಡುವುದು: ಒಂದು ಸಣ್ಣ ನೋಟುಪುಸ್ತಕದಲ್ಲಿ ತಿಂದ ಪದಾರ್ಥ, ಸಮಯ, ಸ್ಥಳ, ಆಗಿನ ಮನಸ್ಸಿನ ಸ್ಥಿತಿಗಳನ್ನು ತಿಂದ ಕೂಡಲೇ ಬರೆಯಿರಿ. ಹತೋಟಿ ತಪ್ಪಿದೆಯೆನಿಸಿದರೆ ಒಂದು ನಕ್ಷತ್ರದ ಗುರುತು ಹಾಕಿ. ಉದಾಹರಣೆಗೆ: 'ಸಂಜೆ 6-30. ಅಡಿಗೆಮನೆಯಲ್ಲಿ ನಿಂತುಕೊಂಡೇ ಹತ್ತು ಚಕ್ಕುಲಿ, ಬೆಲ್ಲ, ಮಧ್ಯಾಹ್ನ ಉಳಿದ ಅನ್ನವೆಲ್ಲ. ಮಧ್ಯಾಹ್ನ ಉಂಡಿರಲಿಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು.' ಎರಡು ವಾರ ಹೀಗೆ ಬರೆದರೆ ತಮ್ಮ ತೊಂದರೆ ಯಾವ ಹೊತ್ತಿನಲ್ಲಿ, ಯಾವ ಕಾರಣದಿಂದ ಬರುತ್ತದೆಂಬುದು ತಮಗೇ ಗೋಚರವಾಗುವುದು. ತೂಕವನ್ನು ವಾರಕ್ಕೊಮ್ಮೆ ಮಾತ್ರ ನೋಡಿ, ದಿನವೂ ನೋಡಬೇಡಿ.

2. ಹೊತ್ತಿಗೆ ಸರಿಯಾಗಿ ತಿನ್ನುವುದು: ಎಲ್ಲಕ್ಕಿಂತ ಮುಖ್ಯವಾದುದು ಇದೇ. ದಿನಕ್ಕೆ ಮೂರು ಊಟ, ನಡುವೆ ಎರಡು ಲಘು ಉಪಾಹಾರ ಇರಲಿ. ಎರಡು ಸಲದ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಬೆಳಿಗ್ಗೆ 8ಕ್ಕೆ ಉಪ್ಪಿಟ್ಟು ಅಥವಾ ರೊಟ್ಟಿ, 11ಕ್ಕೆ ಒಂದು ಹಣ್ಣು, 1-30ಕ್ಕೆ ಮುದ್ದೆ, ಸಾರು, ಅನ್ನ, ಪಲ್ಯ, 4-30ಕ್ಕೆ ಒಂದು ಹಿಡಿ ಕಡಲೆ, ರಾತ್ರಿ 8ಕ್ಕೆ ಊಟ. ಹೀಗೆ ತಮ್ಮ ಮನೆಯ ರೂಢಿಗೆ ಹೊಂದುವಂತೆ ವೇಳೆಯನ್ನು ಗೊತ್ತುಮಾಡಿಕೊಳ್ಳಿ. ಹಿಂದಿನ ರಾತ್ರಿ ಅತಿಭಕ್ಷಣೆಯಾಗಿದ್ದರೂ ಬೆಳಗಿನ ಉಪಾಹಾರವನ್ನು ಬಿಡಕೂಡದು. ವ್ರತೋಪವಾಸಗಳನ್ನು ಆಚರಿಸುವವರು ಹತೋಟಿ ಸ್ಥಿರವಾಗುವವರೆಗೆ ಇಡೀ ದಿನದ ಉಪವಾಸದ ಬದಲು ಹೊತ್ತುಹೊತ್ತಿಗೆ ಫಲಾಹಾರವನ್ನು ಸ್ವೀಕರಿಸುವುದು ಲೇಸು.

3. ಬಯಕೆ ಇಳಿಯುವವರೆಗೆ ಬೇರೆ ಕೆಲಸದಲ್ಲಿ ತೊಡಗುವುದು: ತಿನ್ನಬೇಕೆಂಬ ತೀವ್ರ ಬಯಕೆಯು ಒಲೆಯ ಮೇಲಿನ ಹಾಲಿನಂತೆ ಉಕ್ಕಿ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆ ಹೊತ್ತನ್ನು ಕಳೆಯಲು ಮಾಡಬಹುದಾದ ಕೆಲಸಗಳ ಪಟ್ಟಿಯೊಂದನ್ನು ಮೊದಲೇ ಬರೆದಿಡಿ. ನೆರೆಮನೆಗೆ ಹೋಗಿ ಮಾತನಾಡುವುದು, ಸ್ನಾನ, ಬೀದಿಯ ಕೊನೆಯವರೆಗೆ ನಡಿಗೆ, ಅಕ್ಕತಂಗಿಯರಿಗೆ ಫೋನು ಮಾಡುವುದು, ಹೊಲಿಗೆ, ಗಿಡಗಳಿಗೆ ನೀರು ಹಾಕುವುದು, ಇಂತಹ ಯಾವುದಾದರೂ ಆಗಬಹುದು.

4. ಮೂಲದ ತೊಂದರೆಯನ್ನು ಬಿಡಿಸುವುದು: ಪುಸ್ತಕದಲ್ಲಿ ಪದೇ ಪದೇ ಒಂದೇ ಕಾರಣ ಕಂಡುಬಂದರೆ, ಉದಾಹರಣೆಗೆ ಸಂಜೆಯ ಒಂಟಿತನ, ಅದನ್ನು ಸ್ಪಷ್ಟವಾಗಿ ಬರೆಯಿರಿ. ಅದಕ್ಕೆ ಸಾಧ್ಯವಿರುವ ಪರಿಹಾರಗಳನ್ನೆಲ್ಲ ಬರೆದು, ಒಂದನ್ನು ಆರಿಸಿ ಆಚರಿಸಿ ನೋಡಿ.

5. ಸ್ವಲ್ಪಸ್ವಲ್ಪವಾಗಿ ನಿಷೇಧವನ್ನು ಸಡಿಲಿಸುವುದು: 'ಸಿಹಿಯನ್ನು ಮುಟ್ಟಲೇಬಾರದು' ಎಂಬಂತಹ ನೇಮಗಳೇ ಅತಿಭಕ್ಷಣೆಗೆ ಹಾದಿ ಮಾಡುತ್ತವೆ. ಕ್ರಮ ನೆಲೆಗೊಂಡ ಮೇಲೆ, ಭಯಪಡುತ್ತಿದ್ದ ಪದಾರ್ಥವನ್ನು ಊಟದ ಜೊತೆಯಲ್ಲಿ ಮಿತವಾಗಿ ತಿನ್ನಲು ಅಭ್ಯಾಸ ಮಾಡಿ. ಮಧುಮೇಹ ಉಳ್ಳವರು ಈ ಹಂತವನ್ನು ವೈದ್ಯರ ಸಲಹೆಯಿಲ್ಲದೆ ಆಚರಿಸಬಾರದು.

ಒಂದು ಸಲ ತಪ್ಪಿದರೆ ಎಲ್ಲವೂ ಹಾಳಾಯಿತೆಂದು ಭಾವಿಸದಿರಿ. ದಾರಿಯಲ್ಲಿ ಎಡವಿದವನು ಎದ್ದು ಮುಂದಕ್ಕೆ ನಡೆಯುತ್ತಾನೆಯೇ ಹೊರತು, ಹೊರಟ ಊರಿಗೆ ಹಿಂದಿರುಗುವುದಿಲ್ಲ. ಮುಂದಿನ ಊಟವನ್ನು ಅದರ ವೇಳೆಗೆ ಸರಿಯಾಗಿ ಮಾಡಿ.

ಜೊತೆಗೊಬ್ಬರು ಇರಲಿ

ಸ್ವಸಹಾಯವೆಂದರೆ ಏಕಾಂಗಿಯಾಗಿ ಹೋರಾಡುವುದೆಂದಲ್ಲ. ಕ್ರಮವನ್ನು ಬಲ್ಲ, ಗುಟ್ಟನ್ನು ಕಾಪಾಡುವ ಒಬ್ಬರೊಡನೆ ವಾರಕ್ಕೊಮ್ಮೆ ನೋಟುಪುಸ್ತಕವನ್ನು ನೋಡುವುದು ಮಧ್ಯದಲ್ಲಿ ಕೈಬಿಡದಿರಲು ನೆರವಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಅಥವಾ ಆರೋಗ್ಯ ಕಾರ್ಯಕರ್ತೆ ಈ ಕೆಲಸವನ್ನು ಮಾಡಬಹುದು. ಮನೆಯವರೂ ಸಹಕರಿಸಬೇಕು. ತಟ್ಟೆಯನ್ನು ದಿಟ್ಟಿಸುವುದು, ಡಬ್ಬಿಗಳಿಗೆ ಬೀಗ ಹಾಕುವುದು, ನಾಲ್ಕು ಜನರ ಮುಂದೆ ಹಾಸ್ಯ ಮಾಡುವುದು, ಇವು ಗುಟ್ಟಾಗಿ ತಿನ್ನುವುದನ್ನು ಹೆಚ್ಚಿಸುತ್ತವೆ. ಹೊತ್ತಿಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದೇ ಮನೆಯವರು ಮಾಡಬಹುದಾದ ದೊಡ್ಡ ಸಹಾಯ. ಎಲ್ಲರಿಗೂ ಬಡಿಸಿದ ಮೇಲೆ ಉಳಿದುದನ್ನು ತಡವಾಗಿ ಉಣ್ಣುವ ಪದ್ಧತಿಯಿಂದ ಗೃಹಿಣಿಯ ಹಸಿವು ಮಿತಿಮೀರುತ್ತದೆ ಎಂಬುದನ್ನೂ ನೆನಪಿಡಬೇಕು.

ಸ್ವಸಹಾಯ ಸಾಲದಾಗುವುದು ಯಾವಾಗ?

ಕೆಳಕಂಡ ಸಂದರ್ಭಗಳಲ್ಲಿ ಸ್ವಸಹಾಯವನ್ನೇ ನಂಬಿ ಕಾಲಹರಣ ಮಾಡದೆ ವೈದ್ಯರನ್ನು ಕಾಣಬೇಕು:

ತಿಂದ ಮೇಲೆ ಬೇಕೆಂದೇ ವಾಂತಿ ಮಾಡಿಕೊಳ್ಳುವವರು, ಭೇದಿಯ ಮಾತ್ರೆಗಳನ್ನು ನುಂಗುವವರು. ಇದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತಕ್ಕೆ ಅಪಾಯ ಒದಗಬಹುದು.

ಮಧುಮೇಹಕ್ಕಾಗಿ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು.

ಗರ್ಭಿಣಿಯರು, 18 ವರ್ಷದೊಳಗಿನವರು, ತೂಕ ಬಹಳ ಕಡಿಮೆ ಇರುವವರು.

ಯಾವಾಗಲೂ ಖಿನ್ನರಾಗಿರುವವರು, ಮದ್ಯಪಾನದ ಚಟ ಉಳ್ಳವರು, ಬದುಕೇ ಬೇಡವೆಂಬ ಯೋಚನೆ ಬರುವವರು. ಕೊನೆಯವರು ಒಂದು ದಿನವೂ ತಡಮಾಡಬಾರದು.

ಮೇಲಿನ ಕ್ರಮವನ್ನು ನಾಲ್ಕು ವಾರ ಶ್ರದ್ಧೆಯಿಂದ ಆಚರಿಸಿದರೂ ಏನೂ ಫಲ ಕಾಣದವರು. ಇವರಿಗೆ ತಜ್ಞರೊಡನೆ ನಡೆಸುವ ಮಾನಸಿಕ ಚಿಕಿತ್ಸೆಯಿದೆ.

ಮನೋವೈದ್ಯರ ಸೇವೆಯು ಜಿಲ್ಲಾ ಆಸ್ಪತ್ರೆಗಳಲ್ಲೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲೂ ದೊರೆಯುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ, ಕನ್ನಡದಲ್ಲೇ ಮಾತನಾಡಬಹುದು. ತೂಕ ಇಳಿಸುವುದಾಗಿ ಜಾಹೀರಾತು ಮಾಡುವ ಪುಡಿ, ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬೇಡಿ.

ಉಪಸಂಹಾರ

ಸ್ವಸಹಾಯದ ಸಲಹೆಯಿಂದ ಅತಿಭಕ್ಷಣೆಯನ್ನು ಗೆಲ್ಲಬಹುದೇ ಎಂಬ ಪ್ರಶ್ನೆಗೆ ಉತ್ತರವಿಷ್ಟು: ಹಸಿವನ್ನು ಹೆಚ್ಚಿಸುವ ಸಲಹೆಯಿಂದ ಸಾಧ್ಯವಿಲ್ಲ, ಊಟದ ಕ್ರಮವನ್ನು ನೆಲೆಗೊಳಿಸುವ ಸಲಹೆಯಿಂದ, ಅದರಲ್ಲೂ ಒಬ್ಬರ ಮಾರ್ಗದರ್ಶನವಿದ್ದರೆ, ಅನೇಕರಿಗೆ ಸಾಧ್ಯ. ಈ ಪಾಠವನ್ನು ಓದುತ್ತಿರುವ ತಮಗೇ ಈ ತೊಂದರೆಯಿದ್ದರೆ, ಶಪಥ ಮಾಡುವುದನ್ನು ಬಿಟ್ಟು ನಾಳೆ ಬೆಳಗಿನ ಉಪಾಹಾರವನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿರಿ. ನೋಟುಪುಸ್ತಕದ ಮೊದಲ ಸಾಲು ಅದೇ ಆಗಲಿ.