ಹಾಸಿಗೆ ಹಿಡಿದ ಹಿರಿಯರು: ಮನೆಗೆ ಬಂದ ದಾದಿ ಏನು ನೋಡುತ್ತಾರೆ?

ಪಾರ್ಶ್ವವಾಯು ಬಡಿದು ಅಥವಾ ಸೊಂಟದ ಎಲುಬು ಮುರಿದು ತಿಂಗಳುಗಟ್ಟಲೆ ಮಲಗಿದಲ್ಲೇ ಇರುವ ಹಿರಿಯರ ಬಗ್ಗೆ ವಿಚಾರಿಸಿದರೆ ಮನೆಯವರ ಉತ್ತರ ಹೆಚ್ಚಾಗಿ ಒಂದೇ: ‘ಆಯಿ ಮೊದಲಿನ ಹಾಗೇ ಇದ್ದಾಳೆ, ಡಾಕ್ಟ್ರೇ.’ ಅವರು ಸುಳ್ಳು ಹೇಳುತ್ತಿಲ್ಲ. ದಿನವೂ ನೋಡುವ ಕಣ್ಣಿಗೆ ಸ್ವಲ್ಪ ಸ್ವಲ್ಪವಾಗಿ ಆಗುವ ಬದಲಾವಣೆ ಕಾಣುವುದಿಲ್ಲ. ಕಂಡಾಗ ಬೆನ್ನಿನ ಕೆಳಗೆ ಅಂಗೈಯಗಲದ ಹುಣ್ಣಾಗಿರುತ್ತದೆ.

ಅಮೆರಿಕದಲ್ಲಿ ಇಂತಹ ಅನೇಕ ವೃದ್ಧರು ‘ನರ್ಸಿಂಗ್ ಹೋಮ್’ಗಳಲ್ಲಿ ಇರುತ್ತಾರೆ. (ನಮ್ಮಲ್ಲಿಯಂತೆ ಅಲ್ಲಿ ಆ ಹೆಸರಿಗೆ ಸಣ್ಣ ಖಾಸಗಿ ಆಸ್ಪತ್ರೆ ಎಂಬ ಅರ್ಥವಿಲ್ಲ.) 1987ರಲ್ಲಿ ಅಲ್ಲಿ ಬಂದ ಕಾನೂನಿನ ಫಲವಾಗಿ, ಸೇರಿದ ಪ್ರತಿಯೊಬ್ಬರ ಸ್ಥಿತಿಯನ್ನೂ ಗೊತ್ತುಪಡಿಸಿದ ನಮೂನೆಯಲ್ಲಿ ಬರೆದಿಡಬೇಕು. ಮೊದಲ 14 ದಿನಗಳೊಳಗೆ ಒಮ್ಮೆ, ಬಳಿಕ ಮೂರು ತಿಂಗಳಿಗೊಮ್ಮೆ, ನಡುವೆ ಸ್ಥಿತಿ ಗಮನಾರ್ಹವಾಗಿ ಬದಲಾದರೆ ಆಗಲೂ. ಇದಕ್ಕೆಂದೇ ಪ್ರತ್ಯೇಕ ದಾದಿಯರಿದ್ದಾರೆ. ಕೆಲವರು ಊರಿಂದೂರಿಗೆ ಸುತ್ತುತ್ತ ಹಲವು ಕಡೆಯ ಕೆಲಸ ನೋಡಿಕೊಳ್ಳುತ್ತಾರೆ. ಸರಕಾರ ಕೊಡುವ ಹಣವೂ ಈ ಬರಹಕ್ಕೆ ಅಂಟಿಕೊಂಡಿರುವುದರಿಂದ ಕಾಗದದ ಕೆಲಸ ವಿಪರೀತ. ಅದು ನಮಗೆ ಬೇಡ. ಆದರೆ ನೋಡುವ ಕ್ರಮ ಬೇಕು.

ಕಾರವಾರ, ಅಂಕೋಲೆಗಳಲ್ಲಿ ಹಿರಿಯರ ನರ್ಸಿಂಗ್ ಹೋಮ್ ಎಂದರೆ ಮನೆಯೇ. ಮಕ್ಕಳು ಗೋವಾ, ಮುಂಬಯಿ ಎಂದು ಹೋಗಿರುತ್ತಾರೆ. ಆರೈಕೆ ಸೊಸೆಯದ್ದೋ ವಯಸ್ಸಾದ ಪತಿಯದ್ದೋ ಆಗಿರುತ್ತದೆ. ಹಿಲ್ಲೂರು, ಅಚವೆ, ಕದ್ರಾ ಕಡೆಯ ಮನೆಗಳಿಂದ ರೋಗಿಯನ್ನು ಆಸ್ಪತ್ರೆಗೆ ತರುವುದೇ ಒಂದು ಸಾಹಸ. ಕೇಂದ್ರ ಸರಕಾರ 2010-11ರಲ್ಲಿ ಆರಂಭಿಸಿದ ವಯೋವೃದ್ಧರ ಆರೋಗ್ಯ ಕಾರ್ಯಕ್ರಮದಲ್ಲಿ, ಮನೆಬಿಟ್ಟು ಬರಲಾಗದವರನ್ನು ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ ನೋಡಬೇಕೆಂದಿದೆ. ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿಯೂ ಹಿರಿಯರಿಗೆಂದು ಪ್ರಶ್ನೆಗಳಿವೆ: ನಡೆಯುವಾಗ ತೂಕ ತಪ್ಪುತ್ತದೆಯೇ, ಊಟ, ಸ್ನಾನ, ಬಟ್ಟೆಗೆ ಇನ್ನೊಬ್ಬರ ಸಹಾಯ ಬೇಕೇ, ಮನೆಯವರ ಹೆಸರು ಮರೆಯುತ್ತಾರೆಯೇ. ಅವರು ಕೇಳಿದಾಗ ‘ಎಲ್ಲಾ ಸರಿ ಇದೆ’ ಎಂದು ಬಾಗಿಲಲ್ಲೇ ಸಾಗಹಾಕಬೇಡಿ. ಒಳಗೆ ಕರೆದು ತೋರಿಸಿ.

ನುರಿತ ದಾದಿ ರೋಗದ ಹೆಸರಿನಿಂದ ಆರಂಭಿಸುವುದಿಲ್ಲ. ಆರು ಕೆಲಸಗಳನ್ನು ನೋಡುತ್ತಾರೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಈ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಇಲ್ಲಿ ಕೇಳುವುದಕ್ಕಿಂತ ನೋಡುವುದು ಮುಖ್ಯ. ‘ಊಟ ಮಾಡುತ್ತಾರಾ?’ ಎಂದರೆ ‘ಹೌದು’ ಎನ್ನುತ್ತೀರಿ. ಗಂಜಿಯ ಬಟ್ಟಲನ್ನು ಮುಂದಿಟ್ಟರೆ ಚಮಚ ಹಿಡಿಯುವವರು ಯಾರೆಂದು ತಿಳಿಯುತ್ತದೆ. ಕೈ ನಡೆಯುತ್ತಿದ್ದರೂ ತಡವಾಗುತ್ತದೆಂದು ಉಣ್ಣಿಸಿಬಿಡುವ ಮನೆಗಳಿವೆ. ಇದು ಪ್ರೀತಿಯೇ ಆದರೂ ಇದ್ದ ಶಕ್ತಿ ಇದರಿಂದ ಕುಂದುತ್ತದೆ. ಇನ್ನು ಹಿರಿಯರು ಬಿಳಿ ಸೀರೆಯ ನರ್ಸಬಾಯಿಯ ಎದುರು ಒಂದು ದಿನದ ಮಟ್ಟಿಗೆ ಹುರುಪಿನಿಂದ ಎದ್ದು ಕೂರುವುದೂ ಉಂಟು. ಆದ್ದರಿಂದ ಕಳೆದ ಏಳು ದಿನಗಳಲ್ಲಿ ಏನಾಯಿತು, ರಾತ್ರಿ ಹೇಗಿದ್ದರು ಎಂದು ಕೇಳಬೇಕಾಗುತ್ತದೆ.

ನಂತರ ಚರ್ಮ. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟರೂ ಬಣ್ಣ ಮಾಸದಿದ್ದರೆ ಅಲ್ಲಿ ಹುಣ್ಣು ಆರಂಭವಾಗಿದೆಯೆಂದೇ ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ, ಗಟ್ಟಿಯಾಗಿ, ಇನ್ನಷ್ಟು ಕಪ್ಪಾಗಿದೆಯೇ ಮುಟ್ಟಿ ನೋಡಬೇಕು. ಅಲ್ಲಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುವುದು ಬೇಡ, ಟಯರಿನಂತಹ ರಬ್ಬರ್ ಬಳೆಯ ಮೇಲೆ ಕೂರಿಸುವುದೂ ಬೇಡ. ಎರಡರಿಂದಲೂ ಹಾನಿ ಹೆಚ್ಚು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ತೇಲುವಂತೆ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಬಟ್ಟೆ ಒಣಗುವುದೇ ಇಲ್ಲ. ತೇವದ ಹಾಸಿಗೆಯಲ್ಲಿ ಚರ್ಮ ಬೇಗ ಕಿತ್ತುಬರುತ್ತದೆ. ಹೆಚ್ಚುವರಿ ಹಾಸುಗಳನ್ನು ಮಳೆಗೆ ಮೊದಲೇ ಹೊಂದಿಸಿಟ್ಟುಕೊಳ್ಳಿ.

ತೂಕ ಒಂದು ತಿಂಗಳಲ್ಲಿ ನೂರಕ್ಕೆ ಐದರಷ್ಟು ಇಳಿದರೆ, ಅಂದರೆ 50 ಕಿಲೋದವರಲ್ಲಿ ಎರಡೂವರೆ ಕಿಲೋ, ವೈದ್ಯರಿಗೆ ತಿಳಿಸಬೇಕು. ತಕ್ಕಡಿಯ ಮೇಲೆ ನಿಲ್ಲಲಾಗದವರ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಬರೆದಿಡಿ. ಕೈಬಳೆ ಮೊಣಕೈವರೆಗೆ ಜಾರುವುದೂ ಒಂದು ಅಳತೆಯೇ. ಉಣ್ಣುವಾಗ ಕೆಮ್ಮು, ಊಟದ ನಂತರ ಗೊರಗೊರ ಸ್ವರ ಇದ್ದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತಿರಬಹುದು. ಮಲಗಿದ್ದವರ ಬಾಯಿಗೆ ನೀರು ಹೊಯ್ಯಲೇಬೇಡಿ.

ನಿನ್ನೆವರೆಗೆ ಮಾತಾಡುತ್ತಿದ್ದವರು ಇಂದು ಮಂಕಾದರೆ, ಗಲಿಬಿಲಿಯಾದರೆ ಅದನ್ನು ‘ವಯಸ್ಸಾಯಿತು’ ಎನ್ನುವಂತಿಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಮೂತ್ರ ಕಟ್ಟಿರುವುದು, ಸಕ್ಕರೆ ಇಳಿದಿರುವುದು, ಹೊಸ ಮಾತ್ರೆ, ಹೀಗೆ ಗುಣಪಡಿಸಬಹುದಾದ ಕಾರಣಗಳೇ ಹೆಚ್ಚು. ಅದೇ ದಿನ ವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಕಷಾಯ, ಲೇಹ್ಯಗಳನ್ನೂ ಒಂದು ಚೀಲದಲ್ಲಿ ತನ್ನಿ.

ಇದಕ್ಕೆಲ್ಲ ಮಕ್ಕಳ ಶಾಲೆಯ ಒಂದು ನೋಟ್‌ಪುಸ್ತಕ ಸಾಕು. ವಾರಕ್ಕೊಂದು ಪುಟ, ಆರು ಕೆಲಸಗಳ ಎದುರು ‘ತಾವೇ’, ‘ಸಹಾಯದಿಂದ’, ‘ಆಗದು’ ಎಂಬುದರಲ್ಲಿ ಒಂದು. ‘ತಾವೇ’ ಇದ್ದದ್ದು ‘ಸಹಾಯದಿಂದ’ ಆದ ವಾರ ದಾದಿಗೆ ಹೇಳಿಕಳಿಸಿ. ಅದೇ ಪುಟದಲ್ಲಿ ಆರೈಕೆ ಮಾಡುವವರ ನಿದ್ದೆ, ಬೆನ್ನುನೋವಿನ ಬಗ್ಗೆಯೂ ಒಂದು ಸಾಲಿರಲಿ. ಪಾರ್ಶ್ವವಾಯು ಆದವರನ್ನು ಸೋತ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರುವ ಭಯವಿದೆ; ಎತ್ತುವವರ ಸೊಂಟವೂ ಹಿಡಿಯುತ್ತದೆ. ಕೆಳಗೊಂದು ಗಟ್ಟಿ ಹಾಸು ಹಾಕಿ, ಇಬ್ಬರು ಎರಡು ಕಡೆಯಿಂದ ಅದನ್ನು ಹಿಡಿದು ಮೇಲಕ್ಕೆ ಸರಿಸುವುದನ್ನು ದಾದಿ ಬಂದ ದಿನವೇ ಮಾಡಿ ತೋರಿಸಲು ಕೇಳಿ.