ಅದೃಷ್ಟ ನಮ್ಮ ಕೈಯಲ್ಲಿ ಎಷ್ಟಿದೆ?

ಕೆಲಸ, ವ್ಯಾಪಾರ, ಓದು ಹೀಗೆ ಯಾವುದರ ಬಗ್ಗೆ ಬರೆದರೂ ಈ ಸಲ ಹಲವು ಓದುಗರು ಕೊನೆಗೆ ಬಂದು ನಿಂತದ್ದು ಹಣೆಬರಹದ ಹತ್ತಿರ. ಆಯ್ದ ಐದು ಪತ್ರಗಳಿಗೆ ವೃತ್ತಿ ಮಾರ್ಗದರ್ಶಕರ ಉತ್ತರ ಇಲ್ಲಿದೆ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷವಾಯಿತು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಹಾಕಿ ಸಾಕಾಗಿದೆ. ನನಗಿಂತ ಕಡಿಮೆ ಅಂಕ ಪಡೆದ ಗೆಳೆಯ ಮದುವೆ ಮನೆಯಲ್ಲಿ ಪಕ್ಕ ಕೂತು ಉಂಡವರ ಪರಿಚಯ ಮಾಡಿಕೊಂಡು ಅವರ ಕಾರ್ಖಾನೆಯಲ್ಲೇ ಕೆಲಸ ಗಿಟ್ಟಿಸಿದ. ಇದು ಅದೃಷ್ಟವಲ್ಲದೆ ಮತ್ತೇನು?
– ಹೆಸರು ಬೇಡ, ದಾವಣಗೆರೆ

ಉತ್ತರ: ಅವರ ಪಕ್ಕ ಜಾಗ ಸಿಕ್ಕಿದ್ದು ಅದೃಷ್ಟ. ಬಾಯಿ ಬಿಟ್ಟು ಮಾತಾಡಿಸಿದ್ದು ನಿಮ್ಮ ಗೆಳೆಯನ ಗುಣ. ಎರಡೂ ಸೇರಿ ಕೆಲಸವಾಯಿತು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದನ್ನೇ ಕುರಿತದ್ದು. ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ಅವರು ಕೇಳಿದರು: ಸುದ್ದಿ ಕೊಟ್ಟವರನ್ನು ಆ ದಿನಗಳಲ್ಲಿ ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಆಗಾಗ ಎಂದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆಲ್ಲ ದಾರಿ ತೋರಿಸಿದ್ದು ಆಗೊಮ್ಮೆ ಈಗೊಮ್ಮೆ, ಇಲ್ಲವೇ ಅಪರೂಪಕ್ಕೆ ಸಿಗುತ್ತಿದ್ದವರು. ಕಾರಣ ಸರಳ. ಆಪ್ತರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಹೊರಗಿನವರಿಂದ. ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ಅಷ್ಟಿಷ್ಟು ಪರಿಚಯವಿರುವವರಿಂದಲೇ ಹೆಚ್ಚು ಪ್ರಯೋಜನ ಎಂದು ಕಂಡುಕೊಂಡಿತು.

ಪಾಲಿಟೆಕ್ನಿಕ್‌ನ ಮೇಷ್ಟ್ರು, ನಿಮಗಿಂತ ಮೊದಲು ಪಾಸಾದವರು, ಸೋದರಮಾವನ ಗೆಳೆಯರು, ವರ್ಕ್‌ಶಾಪ್ ನಡೆಸುವ ಊರಿನವರು, ಎಲ್ಲರ ಪಟ್ಟಿ ಮಾಡಿ. ವಾರಕ್ಕೆ ಇಬ್ಬರನ್ನಾದರೂ ಮಾತಾಡಿಸಿ. ‘ಸಾರ್, ಒಂದು ಕೆಲಸ ಕೊಡಿಸಿ’ ಎಂದರೆ ಎದುರಿನವರು ‘ನೋಡೋಣ’ ಎಂದು ಜಾರಿಕೊಳ್ಳುತ್ತಾರೆ. ‘ಸಾರ್, ನಿಮ್ಮಲ್ಲಿ ಹೊಸ ಹುಡುಗರನ್ನ ತಗೊಳ್ಳೋವಾಗ ಏನು ನೋಡ್ತಾರೆ? ನಾನು ಸಿಎನ್‌ಸಿ ಕಲೀತಿದ್ದೀನಿ, ಅದು ಸಾಕಾ?’ ಎಂದು ಕೇಳಿ. ಮಾತು ಬೆಳೆಯುತ್ತದೆ, ನಿಮ್ಮ ಮುಖ ಅವರ ನೆನಪಿನಲ್ಲಿ ಉಳಿಯುತ್ತದೆ. ಅರ್ಜಿ ಹಾಕುವುದನ್ನೂ ಬಿಡಬೇಡಿ.

ಪ್ರಶ್ನೆ: ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕೆಲಸ ಅಚ್ಚುಕಟ್ಟು ಎಂದು ಎಲ್ಲರೂ ಹೇಳುತ್ತಾರೆ. ಆದರೂ ಗಿರಾಕಿಗಳು ಹೋಗುವುದು ಮುಂದಿನ ಬೀದಿಯವರ ಹತ್ತಿರ. ಅವರದು ಕೈಗುಣ, ನನ್ನದು ನಸೀಬು ಅನಿಸಿಬಿಟ್ಟಿದೆ.
– ಓದುಗಿ, ತಿಪಟೂರು

ಉತ್ತರ: ಅಮ್ಮಾ, ಮೊದಲು ಒಂದು ಪ್ರಯೋಗದ ಕಥೆ ಕೇಳಿ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ತಮ್ಮನ್ನು ಅದೃಷ್ಟವಂತರು, ದುರದೃಷ್ಟವಂತರು ಎಂದು ಹೇಳಿಕೊಂಡವರ ಕೈಗೆ ಒಂದು ಪತ್ರಿಕೆ ಕೊಟ್ಟು, ಅದರಲ್ಲಿ ಎಷ್ಟು ಚಿತ್ರಗಳಿವೆ ಎಂದು ಎಣಿಸಲು ಹೇಳಿದರು. ಎರಡನೇ ಪುಟದಲ್ಲೇ ದೊಡ್ಡ ಅಕ್ಷರಗಳಲ್ಲಿ, ಎಣಿಸುವುದು ಬೇಡ, ಇದರಲ್ಲಿ 43 ಚಿತ್ರಗಳಿವೆ ಎಂದು ಅಚ್ಚಾಗಿತ್ತು. ಅದೃಷ್ಟವಂತರು ಎಂದುಕೊಂಡವರ ಕಣ್ಣಿಗೆ ಅದು ಬೇಗ ಬಿತ್ತು. ಉಳಿದವರಲ್ಲಿ ಹೆಚ್ಚಿನವರು ಎಣಿಸುತ್ತಲೇ ಹೋದರು. ಆತಂಕದಲ್ಲಿ ಒಂದನ್ನೇ ಹಿಡಿದು ಕೂತರೆ ಪಕ್ಕದಲ್ಲಿರುವುದು ಕಾಣುವುದಿಲ್ಲ ಎಂಬುದು ಅವರ ವಿವರಣೆ.

ನಿಮ್ಮ ಕಣ್ಣು ಮುಂದಿನ ಬೀದಿಯ ಮೇಲಿದೆ. ಅದನ್ನು ನಿಮ್ಮ ಬಾಗಿಲಿಗೆ ಬಂದವರ ಮೇಲೆ ಇಡಿ. ಅಳತೆ ಪುಸ್ತಕದ ಹಿಂಬದಿಯಲ್ಲಿ ಒಂದು ತಿಂಗಳು ಒಂದೇ ಸಂಗತಿ ಬರೆದಿಡಿ: ಯಾರು ಏನು ಕೇಳಿದರು, ನೀವು ಯಾವುದಕ್ಕೆ ‘ಇಲ್ಲ’ ಎಂದಿರಿ. ಸೀರೆಗೆ ಫಾಲ್ ಹಾಕಿಕೊಡುತ್ತೀರಾ, ಕುಚ್ಚು ಕಟ್ಟುತ್ತೀರಾ, ಆರಿ ವರ್ಕ್ ಆಗುತ್ತದಾ, ಹಳೇ ಬ್ಲೌಸ್ ಬಿಚ್ಚಿ ಸಡಿಲ ಮಾಡುತ್ತೀರಾ, ನಾಳಿದ್ದು ಸೀಮಂತ, ಅಷ್ಟರಲ್ಲಿ ಸಿಗುತ್ತದಾ? ಹೆಚ್ಚು ಸಲ ‘ಇಲ್ಲ’ ಬಿದ್ದಿರುವ ಕೆಲಸ ಯಾವುದೋ ಅದನ್ನು ಮೊದಲು ಕಲಿಯಿರಿ, ಇಲ್ಲವೇ ಬಲ್ಲವರ ಜೊತೆ ಸೇರಿ ಮಾಡಿಸಿಕೊಡಿ. ಕುಚ್ಚಿಗೆ ಬಂದವರು ಬ್ಲೌಸ್ ಬಟ್ಟೆಯನ್ನೂ ತರುತ್ತಾರೆ. ಹೇಳಿದ ದಿನಕ್ಕೆ ಕೊಡುವುದನ್ನು ವ್ರತದಂತೆ ಪಾಲಿಸಿ. ಜನ ಕೈಗುಣ ಎನ್ನುವುದರಲ್ಲಿ ಅರ್ಧ ಇದೇ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿಯಲ್ಲಿ ಫೇಲಾದ. ಜಾತಕದಲ್ಲಿ ದೋಷವಿದೆ, ಹರಳಿನ ಉಂಗುರ ಹಾಕಿಸಿ ಎಂದರು. ಬೆಲೆ ಬಹಳ. ಸಾಲ ಮಾಡಿಯಾದರೂ ಹಾಕಿಸಲೇ?
– ಒಬ್ಬ ತಾಯಿ, ಹಾಸನ

ಉತ್ತರ: ಸಾಲ ಮಾತ್ರ ಮಾಡಬೇಡಿ ತಾಯಿ. ದೇವರಿಗೆ ತುಪ್ಪದ ದೀಪ ಹಚ್ಚಿ, ಮನಸ್ಸಿಗೆ ಸಮಾಧಾನ ಸಿಗುವುದಾದರೆ ಅದು ದೊಡ್ಡದೇ. ಆದರೆ ಅದೃಷ್ಟದ ವಸ್ತು ಜೊತೆಗಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂದು 2010ರಲ್ಲಿ ಜರ್ಮನಿಯಲ್ಲಿ ಕಂಡುಬಂದಿದ್ದ ಫಲಿತಾಂಶವೂ, 2014ರಲ್ಲಿ ಬೇರೆಯವರು ಹೆಚ್ಚು ಜನರ ಮೇಲೆ ಮಾಡಿ ನೋಡಿದಾಗ ನಿಲ್ಲಲಿಲ್ಲ.

ನಿಮ್ಮ ಮಗನಿಗೆ ನಿಜವಾದ ಅವಕಾಶ ಬೇರೆ ಕಡೆ ಇದೆ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಪರೀಕ್ಷೆಯನ್ನು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರೆಯುವ ವ್ಯವಸ್ಥೆ ಇದೆ. ಯಾವ ವಿಷಯದಲ್ಲಿ, ಎಂಥ ಪ್ರಶ್ನೆಗಳಲ್ಲಿ ಅಂಕ ಹೋಯಿತು? ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು ಉಪನ್ಯಾಸಕರ ಮುಂದೆ ಇಟ್ಟು ನೋಡಿ. ಉಂಗುರದ ಹಣದಲ್ಲಿ ಸ್ವಲ್ಪ ಟ್ಯೂಷನ್‌ಗೆ ಹೋಗಲಿ. ‘ನಿನ್ನ ಗ್ರಹಚಾರ ಸರಿಯಿಲ್ಲ’ ಎಂಬ ಮಾತು ಮನೆಯಲ್ಲಿ ನಿಲ್ಲಲಿ. ಎಲ್ಲವೂ ಗ್ರಹಗಳ ಕೈಯಲ್ಲಿದೆ ಎಂದು ನಂಬಿದ ಹುಡುಗ ಪುಸ್ತಕ ಏಕೆ ತೆರೆಯಬೇಕು?

ಪ್ರಶ್ನೆ: ದೊಡ್ಡ ದೊಡ್ಡ ಸಂಶೋಧನೆಗಳೇ ಆಕಸ್ಮಿಕವಂತೆ. ಹಾಗಿದ್ದ ಮೇಲೆ ಕಷ್ಟಪಟ್ಟು ಓದುವುದೇಕೆ?
– ಬಿ.ಎಸ್ಸಿ. ವಿದ್ಯಾರ್ಥಿ, ಮೈಸೂರು

ಉತ್ತರ: ಸಿ.ವಿ. ರಾಮನ್ 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಒಂದು ದಿನ ಟ್ರಾಮ್‌ನಲ್ಲಿ ಹೋಗುವಾಗ ಬೌಬಜಾರ್ ಬೀದಿಯಲ್ಲಿ ವಿಜ್ಞಾನ ಸಂಸ್ಥೆಯೊಂದರ ಬೋರ್ಡ್ ಕಣ್ಣಿಗೆ ಬಿತ್ತು. ಇಳಿದು ಒಳಗೆ ಹೋದರು. ಮುಂದೆ ಕಚೇರಿಗೆ ಮೊದಲು, ಕಚೇರಿ ಮುಗಿದ ಮೇಲೆ ಅಲ್ಲೇ ಪ್ರಯೋಗ. ಆ ಬೋರ್ಡನ್ನು ದಿನವೂ ಎಷ್ಟೋ ಜನ ನೋಡುತ್ತಿದ್ದರು. ರಾಮನ್ ಇಳಿದದ್ದು ಏಕೆಂದರೆ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಪ್ರಯೋಗ ಮಾಡಲು ಜಾಗ ಅವರಿಗೆ ಬೇಕಾಗಿತ್ತು. 1921ರ ಹಡಗಿನ ಪಯಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ಕಾಡಿತು. ಅದರ ಬೆನ್ನುಹತ್ತಿ 1928ರ ಫೆಬ್ರವರಿ 28ಕ್ಕೆ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ಆ ಪಯಣಕ್ಕೂ ರಾಮನ್ ಪರಿಣಾಮಕ್ಕೂ ನಡುವೆ ಏಳು ವರ್ಷಗಳ ದುಡಿಮೆಯಿದೆ. ಆಕಸ್ಮಿಕ ಎಲ್ಲರಿಗೂ ಬರುತ್ತದೆ. ಅದು ಏನೆಂದು ತಿಳಿಯಲು ಓದಿರಬೇಕು.

ಪ್ರಶ್ನೆ: ನಮ್ಮ ಅಪ್ಪ-ಅಮ್ಮ ವರ್ಷವೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಡಿಗ್ರಿ ಓದುತ್ತಿರುವವಳು ನಾನೊಬ್ಬಳೇ. ‘ನಿಮ್ಮ ಅದೃಷ್ಟ ನೀವೇ ಮಾಡಿಕೊಳ್ಳಿ’ ಎನ್ನುವುದು ಉಳ್ಳವರ ಮಾತಲ್ಲವೇ?
– ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಯಾರ ಮನೆಯಲ್ಲಿ, ಯಾವ ಜಿಲ್ಲೆಯಲ್ಲಿ ಹುಟ್ಟಿದೆವು ಎಂಬುದು ಎಲ್ಲಕ್ಕಿಂತ ದೊಡ್ಡ ಅದೃಷ್ಟ, ಅದನ್ನು ಯಾರೂ ದುಡಿದು ಪಡೆದಿಲ್ಲ. ಗೆದ್ದವರು ಇದನ್ನು ಮರೆತು ಸೋತವರಿಗೆ ಉಪದೇಶ ಮಾಡುವುದು ಅನ್ಯಾಯ.

ಆದರೆ ಈ ಅದೃಷ್ಟವನ್ನೂ ಮನುಷ್ಯರೇ ತಿದ್ದಿದ್ದಾರೆ, ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ. ಕಲ್ಯಾಣ ಕರ್ನಾಟಕದ ಜನ ವರ್ಷಗಟ್ಟಲೆ ಹೋರಾಡಿದ್ದರಿಂದ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಅದರ ಬಲದಿಂದ ನಿಮ್ಮ ಭಾಗದವರಿಗೆ ಉದ್ಯೋಗದಲ್ಲೂ ವೃತ್ತಿಶಿಕ್ಷಣದಲ್ಲೂ ಮೀಸಲಾತಿ ಇದೆ. ಅದರ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನ ಮೀರಿಬಿಡಬಹುದು. ವಿದ್ಯಾರ್ಥಿವೇತನದ ಅರ್ಜಿ, ಹಾಸ್ಟೆಲ್, ಸರ್ಕಾರಿ ತರಬೇತಿಗಳ ಬಗ್ಗೆ ಕಾಲೇಜಿನ ಕಚೇರಿಯಲ್ಲಿ ಪ್ರತಿ ತಿಂಗಳು ವಿಚಾರಿಸಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಹಾಗೆ ತಿಳಿದುಕೊಂಡದ್ದನ್ನು ನಿಮ್ಮ ತಾಂಡಾದ, ಓಣಿಯ ಹುಡುಗಿಯರಿಗೂ ಹೇಳಿ. ಅರ್ಜಿಯ ಕೊನೆಯ ದಿನ ಯಾವಾಗ ಎಂದು ಹೇಳುವ ಅಕ್ಕ ಒಬ್ಬಳಿದ್ದರೆ ಎಷ್ಟೋ ಹೆಣ್ಣುಮಕ್ಕಳ ಓದು ಮದುವೆಯಲ್ಲಿ ನಿಂತುಹೋಗುವುದು ತಪ್ಪುತ್ತದೆ. ಈ ಪುಟ ಓದುತ್ತಿರುವ ನೌಕರರು, ಮೇಷ್ಟ್ರು, ಅಂಗಡಿಯವರಿಗೂ ನನ್ನ ಬಿನ್ನಹ ಇಷ್ಟೇ: ನಿಮಗೆ ಗೊತ್ತಿರುವ ಒಂದು ಅವಕಾಶವನ್ನು ಈ ವಾರ ಗೊತ್ತಿಲ್ಲದ ಒಬ್ಬರಿಗೆ ತಿಳಿಸಿ.