ಹಳೆಯ ಯಂತ್ರಕ್ಕೆ ಹೊಸ ಸ್ಮೃತಿಕೋಶ

1987ರಲ್ಲಿ ಹೊರಬಂದ ಮೆಕಿಂತಾಶ್ ಎಸ್‌ಇ ಗಣಕಯಂತ್ರವೊಂದು ನನ್ನ ಸೋದರಮಾವನವರ ಅಚ್ಚುಕೂಟದಲ್ಲಿ ಮೂಲೆ ಸೇರಿತ್ತು. ಅವರು ಜೋಡಿಸಿದ ಪುಸ್ತಕಗಳ ಪುಟಗಳೆಲ್ಲ ಅದರ ಹಾರ್ಡ್ ಡಿಸ್ಕಿನಲ್ಲಿದ್ದವು, ಬೇರೆ ಪ್ರತಿಯಿಲ್ಲ. ಡಿಸ್ಕೋ ಒಂದು ದಿನ ತಿರುಗುವುದು, ಒಂದು ದಿನ ಇಲ್ಲ. ಆದುದರಿಂದ, ಚಲಿಸುವ ಭಾಗವೇ ಇಲ್ಲದ, ಮೆಮೊರಿ ಕಾರ್ಡಿನ ಸ್ಮೃತಿಕೋಶವೊಂದನ್ನು ಕೂಡಿಸಲು ಹೊರಟೆನು.

ಇಲ್ಲಿನ ಸಂಪರ್ಕವು ಸ್ಕಜಿ ಪದ್ಧತಿಯದು. (ಕಜ್ಜಿಗೂ ಇದಕ್ಕೂ ಸಂಬಂಧವಿಲ್ಲ!) 1986ರಲ್ಲಿ ಅಮೆರಿಕದಲ್ಲಿ ಪ್ರಮಾಣೀಕೃತವಾದ ಈ ಪದ್ಧತಿಯಲ್ಲಿ ಒಂದೇ ತಂತಿಸಾಲಿಗೆ ಎಂಟು ಉಪಕರಣಗಳು ಸೇರಬಹುದು. ಒಂದೊಂದಕ್ಕೂ 0ಯಿಂದ 7ರವರೆಗೆ ಬೇರೆ ಬೇರೆ ಸಂಖ್ಯೆ. ಗಣಕವೇ 7, ಒಳಗಿನ ಡಿಸ್ಕು ವಾಡಿಕೆಯಂತೆ 0. ಸಾಲಿನ ತುದಿಯಲ್ಲಿ ಟರ್ಮಿನೇಟರ್ ಎಂಬ ನಿರೋಧಕಗಳಿರಬೇಕು. ಇಲ್ಲವಾದರೆ ಸಂಜ್ಞೆಗಳು ತುದಿಗೆ ಬಡಿದು ಹಿಂದಿರುಗಿ, ಬಾವಿಯೊಳಗೆ ಕೂಗಿದಂತೆ ಮಾತೆಲ್ಲ ಕಲಸಿಹೋಗುತ್ತದೆ.

ಪೆಟ್ಟಿಗೆ ಬಿಚ್ಚುವವರು ಒಂದನ್ನು ಮರೆಯಬಾರದು: ವಿದ್ಯುತ್ ಕಿತ್ತ ಮೇಲೂ ಚಿತ್ರನಳಿಕೆಯಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಆ ಕೆಲಸವನ್ನು ಟಿ.ವಿ. ರಿಪೇರಿ ಬಲ್ಲವರೊಬ್ಬರಿಂದಲೇ ಮಾಡಿಸಿದೆನು.

ಮೂರು ಕನೆಕ್ಟರಿನ 50 ಎಳೆಯ ಪಟ್ಟಿತಂತಿಯಲ್ಲಿ ಹೊಸದನ್ನು ನಡುವೆ, ಹಳೆಯದನ್ನು ತುದಿಗೆ ಜೋಡಿಸಿದ್ದಾಯಿತು. ಯಂತ್ರ ಏಳಲೇ ಇಲ್ಲ. ಹಳೆಯ ಡಿಸ್ಕು ಕೊನೆಯುಸಿರೆಳೆಯಿತೆಂದೇ ಬಗೆದೆನು. ವಾಸ್ತವದಲ್ಲಿ ತಪ್ಪು ನನ್ನದು: ಎರಡಕ್ಕೂ 0 ಸಂಖ್ಯೆಯನ್ನೇ ಕೊಟ್ಟಿದ್ದೆ! ನಾನು ತಂದ ಬಗೆಯಲ್ಲಿ ಕಾರ್ಡಿನಲ್ಲಿರುವ ಕಡತದ ಹೆಸರಿನಿಂದಲೇ ಈ ಸಂಖ್ಯೆ ನಿಶ್ಚಯವಾಗುವುದು. ಅದನ್ನು 1 ಎಂದು ತಿದ್ದಿದೊಡನೆ ಪರದೆಯ ಮೇಲೆ ಎರಡೂ ಕಾಣಿಸಿದವು. ಅಂದೇ ಪುಟಗಳನ್ನೂ ಸಿಸ್ಟಮ್ ಫೋಲ್ಡರನ್ನೂ ನಕಲು ಮಾಡಿದೆನು. ಆಮೇಲೆ ಹಳೆಯದನ್ನು ತೆಗೆದು, ಹೊಸದನ್ನು ತುದಿಗೆ ತಂದು, ಅದಕ್ಕೆ 0 ಕೊಟ್ಟು ಅದರ ಟರ್ಮಿನೇಟರನ್ನು ಚಾಲೂ ಮಾಡಿದೆನು.

ಎರಡು ಕಡತಗಳು ಮಾತ್ರ ಓದಲು ಸಿಗಲಿಲ್ಲ. ಮಿಕ್ಕವನ್ನು ಮಾವನವರು ಮರುದಿನ ತಾವೇ ತೆರೆದು ನೋಡಿದರು.